ಕಲಿಸಲು ಕಲಿತವರಿಗೆ ಹಾರ

(ಶಿಕ್ಷಕ ತರಬೇತಿ ಮುಗಿಸಿದ ಸದಸ್ಯರ ಮಕ್ಕಳನ್ನು ಸನ್ಮಾನಿಸಲು ನಮ್ಮ ಸಂಘದ ಸಭಾಗೃಹದಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆ ಅನೇಕ ಹಾರಗಳನ್ನು ಕಂಡಿದೆ. ದಾನಿಗಳಿಗೆ ಹಾರ ಹಾಕಿದ್ದೇವೆ, ಯಕ್ಷಗಾನದ ಭಾಗವತರಿಗೆ ಶಾಲು ಹೊದಿಸಿದ್ದೇವೆ, ಡಾಕ್ಟರು, ವಕೀಲರು ಆದ ನಮ್ಮ ಮಕ್ಕಳನ್ನು ಕರೆದು ಫಲಪುಷ್ಪ ಕೊಟ್ಟಿದ್ದೇವೆ. ಅದೆಲ್ಲ ಯೋಗ್ಯವೇ. ಆದರೆ ಶಿಕ್ಷಕ ತರಬೇತಿ ಮುಗಿಸಿದವರನ್ನು ಅದೊಂದೇ ಕಾರಣಕ್ಕಾಗಿ ಕರೆದು ಕೂರಿಸಿದ್ದು ಇದೇ ಮೊದಲು. ಕಾರ್ಯಕಾರಿ ಸಮಿತಿಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, "ಮಾಸ್ತರಿಕೆ ಪಾಸಾದದ್ದಕ್ಕೂ ಸನ್ಮಾನವೆ?" ಎಂದು ಕೇಳಿದರಂತೆ. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ನಗುತ್ತಲೂ ಇದ್ದಾರೆ. ಅವರು ಬಾಯಿಬಿಟ್ಟು ಕೇಳಿದರು. ಉಳಿದವರು ಮನಸ್ಸಿನಲ್ಲಿ ಕೇಳಿಕೊಂಡರು, ಅಷ್ಟೇ ವ್ಯತ್ಯಾಸ. ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅಪ್ಪಣೆಯಾಗಿದೆ.

ಇಲ್ಲಿ ಐದು ಮಂದಿ ಕುಳಿತಿದ್ದಾರೆ. ಇಬ್ಬರು, ನಾವು ರೂಢಿಯಲ್ಲಿ ಡಿ.ಎಡ್. ಎನ್ನುವ, ಪ್ರಾಥಮಿಕ ಶಾಲೆಗೆ ಬೇಕಾದ ಎರಡು ವರ್ಷದ ಡಿಪ್ಲೊಮಾ ಮುಗಿಸಿದವರು. ಮೂವರು ಪದವಿಯ ಮೇಲೆ ಬಿ.ಎಡ್. ಮಾಡಿದವರು. ಒಬ್ಬ ತಂಗಿಯ ಅಜ್ಜ ಗಿರಣಿಯಲ್ಲಿ ಸಾಂಚೆ ನಡೆಸಿದವರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಅವರಿಗೆ ಆ ಕೆಲಸ ಮರಳಿ ಸಿಗಲಿಲ್ಲ. ಒಬ್ಬ ತಮ್ಮ ಹೋಟೆಲಿನಲ್ಲಿ ಮೇಜು ಒರೆಸಿ, ಆರ್ಡರು ಹಿಡಿದು, ರಾತ್ರಿ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಉಳಿದವರ ಮನೆಗಳೂ ನಮ್ಮ ನಿಮ್ಮಂಥ ಖೋಲಿಗಳೇ.

ಪಾಠ ಹೇಳುವುದಕ್ಕೆ ತರಬೇತಿ ಯಾತಕ್ಕೆ, ತಾನು ಓದಿದ್ದನ್ನು ಹೇಳಿದರಾಯಿತು ಎನ್ನುವವರಿದ್ದಾರೆ. ಹೋಟೆಲಿನ ಬಂಧುಗಳನ್ನು ಕೇಳುತ್ತೇನೆ: ದೋಸೆ ತಿನ್ನಬಲ್ಲವನೆಲ್ಲ ದೋಸೆ ಹುಯ್ಯಬಲ್ಲನೆ? ಕಲ್ಲು ಎಷ್ಟು ಕಾದಿದೆ ಎಂದು ನೀರು ಚಿಮುಕಿಸಿ ಸದ್ದಿನಿಂದ ತಿಳಿಯುವುದಕ್ಕೆ ಎಷ್ಟು ತಿಂಗಳು ಬೇಕು? ಮಗುವಿನ ಮುಖ ನೋಡಿ ಅದಕ್ಕೆ ತಿಳಿಯಿತೋ ಇಲ್ಲವೋ ಎಂದು ಅರಿಯುವುದು ಅಂಥದೇ ವಿದ್ಯೆ. ತರಬೇತಿ ಕಾಲೇಜುಗಳಲ್ಲಿ ಸೂಕ್ಷ್ಮ ಬೋಧನೆ ಎಂಬ ಒಂದು ಅಭ್ಯಾಸವಿದೆ. ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪು ಹಲಗೆಯ ಮೇಲೆ ಬರೆಯುವುದು, ಇವುಗಳಲ್ಲಿ ಒಂದನ್ನೇ ಹಿಡಿದು ಆರು ನಿಮಿಷ ಪಾಠ ಮಾಡಬೇಕು. ಸಂಗಡಿಗರೂ ಅಧ್ಯಾಪಕರೂ ಆರು ನಿಮಿಷ ತಪ್ಪು ಹೇಳುತ್ತಾರೆ. ಹನ್ನೆರಡು ನಿಮಿಷದಲ್ಲಿ ತಿದ್ದಿಕೊಂಡು ಮತ್ತೆ ಆರು ನಿಮಿಷ ಅದನ್ನೇ ಕಲಿಸಬೇಕು, ಮತ್ತೆ ಆರು ನಿಮಿಷ ತಪ್ಪು ಕೇಳಬೇಕು. ಅದಾದ ಮೇಲೆ ನಿಜವಾದ ಶಾಲೆ, ನಿಜವಾದ ಮಕ್ಕಳು. ಹಿಂದಿನ ಬೆಂಚಿನಲ್ಲಿ ವಹಿ ಹಿಡಿದು ಕುಳಿತ ಪರೀಕ್ಷಕರು. ಬಿ.ಎಡ್. 2015ಕ್ಕೆ ಮೊದಲು ಒಂದೇ ವರ್ಷದ್ದಿತ್ತು. ಇವರು ಓದಿದ್ದು ಎರಡು ವರ್ಷದ್ದು, ಅದರಲ್ಲಿ ಇಪ್ಪತ್ತು ವಾರ ಶಾಲೆಯಲ್ಲೇ ಕಳೆಯಬೇಕು. ರಾತ್ರಿ ಹನ್ನೊಂದಕ್ಕೆ ರಟ್ಟು ಕತ್ತರಿಸಿ ಗಡಿಯಾರದ ಮಾದರಿ ಮಾಡುವ ಮಗಳನ್ನು ಕಂಡು "ಇದೇನು ಚಿಕ್ಕಮಕ್ಕಳ ಆಟ" ಎಂದು ಬಯ್ದ ತಂದೆಯೂ ಈ ಸಭೆಯಲ್ಲಿದ್ದಾರೆಂದು ಕೇಳಿದ್ದೇನೆ!

ಇನ್ನು ಈ ವಿದ್ಯೆಯನ್ನು ಕಲಿತು ಹೊರಬಿದ್ದವರು ಏನು ಸಾಧಿಸಿದರು ಎಂಬ ಮಾತು. ದೂರ ಹೋಗಬೇಕಾಗಿಲ್ಲ. ಧಾರವಾಡ, ವಿಜಾಪುರ, ಬೆಳಗಾವಿ ಕಡೆಯ ಗಿರಣಿ ಬಂಧುಗಳು ತಮ್ಮ ಊರಿನ ಕನ್ನಡ ಶಾಲೆಯನ್ನು ನೆನೆಯಲಿ. ಆ ಸೀಮೆಯೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಪ್ರಾಬಲ್ಯ. ಕನ್ನಡ ಮನೆಮಾತಾಗಿ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಸ್ಥಿತಿಯನ್ನು ತಿರುಗಿಸಿದವರಲ್ಲಿ ಡೆಪ್ಯೂಟಿ ಚೆನ್ನಬಸಪ್ಪನವರು ಮುಖ್ಯರು. ಧಾರವಾಡದ ನಾರ್ಮಲ್ ಸ್ಕೂಲು, ಎಂದರೆ ಶಿಕ್ಷಕರನ್ನು ತಯಾರು ಮಾಡುವ ಶಾಲೆ, ಅವರ ಕೈಯಲ್ಲಿತ್ತು. ಕನ್ನಡ ಶಾಲೆ ತೆರೆಯಿರಿ ಎಂದು ಅರ್ಜಿ ಬರೆಯುವುದು ಸುಲಭ. ತೆರೆದ ಶಾಲೆಯಲ್ಲಿ ನಿಂತು ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರನಿಲ್ಲದಿದ್ದರೆ ಆ ಶಾಲೆ ಎಷ್ಟು ದಿನ ಬಾಳೀತು? ಆದುದರಿಂದ ಅವರು ಮೊದಲು ಮಾಸ್ತರರನ್ನು ಸಿದ್ಧಪಡಿಸಿದರು. ಆ ಮಾಸ್ತರರು ಹಳ್ಳಿ ಹಳ್ಳಿಗೆ ಹೋಗಿ, ಗುಡಿಯ ಕಟ್ಟೆ ಸಿಕ್ಕಿದರೆ ಗುಡಿಯ ಕಟ್ಟೆ, ಮಠದ ಪಡಸಾಲೆ ಸಿಕ್ಕಿದರೆ ಪಡಸಾಲೆ ಎಂದು ಕುಳಿತು ಅಕ್ಷರ ತೀಡಿಸಿದರು. ಶಿಕ್ಷಕರಿಗಾಗಿ 1865ರಲ್ಲಿ 'ಮಠಪತ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. 'ಜೀವನ ಶಿಕ್ಷಣ' ಎಂಬ ಹೆಸರಿನಿಂದ ಬೆಳೆದದ್ದು ಅದೇ ಪತ್ರಿಕೆ.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಓದಿ ಮಾಸ್ತರರಾದವರೇ ಗಳಗನಾಥರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ಚಟ ಹಿಡಿಸಿದರು. ವಿಜಾಪುರ ಜಿಲ್ಲೆಯ ಚಡಚಣದ ಸಿಂಪಿ ಲಿಂಗಣ್ಣನವರೂ ಪ್ರಾಥಮಿಕ ಶಾಲೆಯ ಮಾಸ್ತರರೇ. ಬೀಸುಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ್ದನ್ನು ಬರೆದಿಟ್ಟು ಉಳಿಸಿದವರಲ್ಲಿ ಅವರೊಬ್ಬರು. ದಕ್ಷಿಣ ಕನ್ನಡದವರಿಗಂತೂ ಪಂಜೆ ಮಂಗೇಶರಾಯರ ಹೆಸರು ಹೇಳಬೇಕಾಗಿಲ್ಲ. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದ ಆ ಮಹನೀಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಕ್ಕಳಿಗೆ ಏನು ಬೇಕು ಎಂದು ಬಲ್ಲವರಾದುದರಿಂದಲೇ ಅವರ ಪದ್ಯ ನಮ್ಮ ಬಾಯಲ್ಲಿ ಇನ್ನೂ ಇದೆ.

ಈ ನೆಲದ ಮಾತೂ ಒಂದಿದೆ. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ನಿಂತ ಸಾವಿತ್ರೀಬಾಯಿ ಫುಲೆಯವರು ಶಿಕ್ಷಕ ತರಬೇತಿಯನ್ನೂ ಪಡೆದವರು. ಅವರ ಪತಿ ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಬಳಗದಿಂದ ಬಂದವರೇ ನಾರಾಯಣ ಮೇಘಾಜಿ ಲೋಖಂಡೆ. ಮುಂಬಯಿಯ ಗಿರಣಿ ಕೆಲಸಗಾರರನ್ನು 1884ರಲ್ಲಿ ಸಂಘಟಿಸಿ, 1890ರಲ್ಲಿ ಭಾನುವಾರದ ರಜೆ ದೊರಕಿಸಿಕೊಟ್ಟವರು ಅವರು. ಶಾಲೆಯ ಕೆಲಸವೂ ಕೂಲಿಕಾರನ ಕೆಲಸವೂ ಒಂದೇ ಮನೆಯಿಂದ ಹೊರಟವು. ನಾವು ಈ ಭಾನುವಾರ ಇಲ್ಲಿ ಕೂಡಿರುವುದಕ್ಕೂ ಅದೇ ಕಾರಣ. ಹೋಟೆಲಿನವರಿಗೆ ಭಾನುವಾರವೇ ಕೆಲಸ ಹೆಚ್ಚು ಎಂಬುದು ಬೇರೆ ಮಾತು.

ಮುಂಬಯಿಯ ಕನ್ನಡಿಗರೂ ಸುಮ್ಮನಿದ್ದವರಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಉಚಿತ ರಾತ್ರಿಶಾಲೆ ನಡೆಸಿತು. ಹಗಲು ಕಪ್ಪು ಬಸಿ ತೊಳೆದ ಎಷ್ಟೋ ಹುಡುಗರು ಇಂಥ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಇಲ್ಲಿ ಕಾರ್ಮಿಕರ ನಡುವೆ ದುಡಿದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಉತ್ತರ ಕನ್ನಡದ ಹಳ್ಳಿಗಳಿಗೆ ಹೈಸ್ಕೂಲು ಕೊಟ್ಟರು. ಇದೇ ಮುಂಬಯಿಯಲ್ಲಿ ಶಸ್ತ್ರವೈದ್ಯರಾಗಿ ಹೆಸರಾದ ಡಾ. ಎ. ವಿ. ಬಾಳಿಗರ ಮನೆತನದ ಹೆಸರು ಹೊತ್ತ ಶಿಕ್ಷಕರ ಕಾಲೇಜು ಕುಮಟೆಯಲ್ಲಿದೆ.

ಇಷ್ಟು ಹಿರಿಯ ಪರಂಪರೆಗೆ ಸೇರಿದ ಈ ಐವರ ಮುಂದಿನ ಹಾದಿ ಹೇಗಿದೆ? ತೊಡಕಾಗಿದೆ ಎಂದೇ ಹೇಳಬೇಕು. ಸರ್ಟಿಫಿಕೇಟು ಕೈಗೆ ಬಂದರೆ ಕೆಲಸ ಬಂತೆಂದು ತಾಯಿತಂದೆಗಳು ತಿಳಿದಿದ್ದಾರೆ. ಹಾಗಿಲ್ಲ. 2010ರಿಂದ ಒಂದರಿಂದ ಎಂಟನೆಯ ತರಗತಿಗೆ ಕಲಿಸುವವರು ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು: ನೂರೈವತ್ತು ಪ್ರಶ್ನೆ, ನೂರೈವತ್ತು ನಿಮಿಷ, ಸಾಮಾನ್ಯ ವರ್ಗದವರಿಗೆ ನೂರಕ್ಕೆ ಅರವತ್ತು ಅಂಕ ಬೇಕು. ಬಿ.ಎಡ್. ಆದವರೂ ಒಂದರಿಂದ ಐದನೆಯ ತರಗತಿಗೆ ಕಲಿಸಬಹುದೆಂದು 2018ರಲ್ಲಿ ನಿಯಮ ಬಂತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದು ಸಲ್ಲದೆಂದಿತು. ಚಿಕ್ಕ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಅದನ್ನು ಕಲಿಸುವುದು ಡಿ.ಎಡ್.ನಂಥ ಡಿಪ್ಲೊಮಾ ಎಂಬುದು ಅದರ ಅಭಿಪ್ರಾಯ. ಆ ಡಿಪ್ಲೊಮಾವನ್ನು "ಬರೀ ಡಿ.ಎಡ್. ಅಷ್ಟೆ" ಎಂದು ಹೀಗಳೆಯುವ ನಮ್ಮವರು ಇದನ್ನು ಗಮನಿಸಬೇಕು. ಮತ್ತೆ 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯ, ಸೇವೆಯಲ್ಲಿದ್ದು ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕೆಂದಿತು. ಇಪ್ಪತ್ತು ವರ್ಷ ಚೆನ್ನಾಗಿ ಕಲಿಸಿದವರನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ನನಗೆ ಸರಿಯೆನಿಸದು. ಅದೇನೇ ಇರಲಿ, ನಿಯಮ ನಿಯಮವೇ.

ಕನ್ನಡದಲ್ಲಿ ಕಲಿಸಲು ತಯಾರಾದವರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಅದು ನಮ್ಮಿಂದಲೇ ಬಂದದ್ದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕ ಕೇಳಿರಿ. ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ತೊಂಬತ್ತರವರೆಗೆ ಮೂವರು, ನೂರಿಪ್ಪತ್ತರವರೆಗೆ ನಾಲ್ವರು. ಮಕ್ಕಳ ತಲೆಯೆಣಿಕೆಯ ಮೇಲೆ ಹುದ್ದೆ. ತೊಂಬತ್ತೊಂದು ಮಕ್ಕಳಿರುವ ಶಾಲೆಯಿಂದ ಒಂದೇ ಒಂದು ಮಗುವನ್ನು ಬಿಡಿಸಿದರೆ ನಾಲ್ಕನೆಯ ಹುದ್ದೆ ಹೋಯಿತು. ಮುಂಬಯಿ ಮಹಾನಗರಪಾಲಿಕೆ ನಡೆಸುವ ಶಾಲೆಗಳಲ್ಲಿ ಕನ್ನಡ ಮಾಧ್ಯಮದ್ದೂ ಇವೆ; ಅಲ್ಲಿ ಶುಲ್ಕವಿಲ್ಲ. ಹಾಗಿದ್ದೂ ನಮ್ಮ ಮಕ್ಕಳನ್ನು ಸಾಲ ಮಾಡಿ ಬೇರೆಡೆ ಸೇರಿಸಿ, ಕನ್ನಡ ತರಗತಿ ಮುಚ್ಚಿತೆಂದು ರಾಜ್ಯೋತ್ಸವದ ದಿನ ಕಣ್ಣೀರು ಹಾಕುತ್ತೇವೆ. ಇಂಗ್ಲಿಷು ಬೇಡವೆಂದು ನಾನು ಹೇಳಲಾರೆ. ಇಂಗ್ಲಿಷು ಬಾರದೆ ಕಷ್ಟಪಟ್ಟವರು ಮಗುವಿಗೆ ಅದನ್ನು ಬಯಸಿದರೆ ತಪ್ಪೇನು? ಮೊದಲ ನಾಲ್ಕೈದು ವರ್ಷ ಮನೆಮಾತಿನಲ್ಲಿ ಕಲಿತ ಮಗು ಮುಂದೆ ಇಂಗ್ಲಿಷನ್ನು ಬೇಗ ಹಿಡಿಯುತ್ತದೆ ಎಂಬುದನ್ನು ಈ ಐವರ ಬಾಯಿಂದಲೇ ಕೇಳಿರಿ. ಅವರು ಅದನ್ನು ಅಭ್ಯಾಸ ಮಾಡಿ ಬಂದವರು, ನಾನಲ್ಲ.

ಆದ್ದರಿಂದ ಈ ಹಾರ ಸಂಜೆಯೊಳಗೆ ಬಾಡುವ ಹೂವಾಗದಿರಲು ಸಂಘ ಒಂದು ಕೆಲಸ ಮಾಡಬೇಕೆಂದು ಸಮಿತಿಯ ಮುಂದೆ ಇಟ್ಟಿದ್ದೇನೆ. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. ಆದುದರಿಂದ ಹಿಂದಿನಂತೆ ಹತ್ತು ವರ್ಷದ ಮಾಣಿಗಳು ಬರುವುದು ತಪ್ಪಿದೆ. ಆದರೆ ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟು, ಹದಿನೆಂಟು ಇಪ್ಪತ್ತಕ್ಕೆ ಊರಿನಿಂದ ಬಂದ ತಮ್ಮಂದಿರು ನಮ್ಮ ನಡುವೆ ಇದ್ದೇ ಇದ್ದಾರೆ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹದಿನಾಲ್ಕು ದಾಟಿದ ಯಾರೂ ಹತ್ತನೆಯದರ ಪರೀಕ್ಷೆಗೆ ಕೂರಬಹುದು, ವಯಸ್ಸಿನ ಮೇಲ್ಮಿತಿಯಿಲ್ಲ. ಊಟದ ಗಿರಾಕಿ ಮುಗಿದು ಸಂಜೆಯ ಚಹಾ ಏಳುವ ತನಕ ಹೋಟೆಲಿನವರಿಗೆ ಒಂದೆರಡು ಗಂಟೆ ಬಿಡುವುಂಟು. ಈಗ ಆ ವೇಳೆ ಮೊಬೈಲು ನೋಡುವುದರಲ್ಲಿ ಹೋಗುತ್ತದೆ. ಈ ಸಭಾಗೃಹ ಮಧ್ಯಾಹ್ನವಿಡೀ ಬೀಗ ಹಾಕಿಯೇ ಇರುತ್ತದೆ. ಇದರ ಬೀಗ ತೆಗೆದು ಆ ಬಿಡುವಿನಲ್ಲಿ ತರಗತಿ ನಡೆಸಬೇಕು, ಕಲಿಸಲು ಈ ಐವರನ್ನು ಕರೆಯಬೇಕು.

ಕರೆಯುವಾಗ "ಸಮಾಜಸೇವೆ, ಪುಕ್ಕಟೆ ಮಾಡಿ" ಎನ್ನಕೂಡದು. ಅಡಿಗೆ ಭಟ್ಟರಿಗೆ ಹಾಗೆ ಹೇಳಿ ನೋಡಿರಿ, ನಾಳೆ ಒಲೆ ಹೊತ್ತದು. ತಿಂಗಳಿಗೆ ಇಷ್ಟೆಂದು ಗೌರವಧನ ಗೊತ್ತು ಮಾಡಬೇಕು. ವಾರ್ಷಿಕೋತ್ಸವದ ಮಂಟಪಕ್ಕೂ ಧ್ವನಿವರ್ಧಕಕ್ಕೂ ಮಾಡುವ ಖರ್ಚಿನಲ್ಲಿ ಅರ್ಧ ಉಳಿಸಿದರೆ ವರ್ಷದ ಗೌರವಧನ ಹುಟ್ಟುತ್ತದೆ ಎಂದು ಕೋಶಾಧ್ಯಕ್ಷರು ನನ್ನೊಡನೆ ಲೆಕ್ಕ ಹಾಕಿ ಹೇಳಿದ್ದಾರೆ. ಹೋಟೆಲು ಮಾಲಕರಲ್ಲೂ ಒಂದು ವಿಜ್ಞಾಪನೆ: ತರಗತಿಯ ವೇಳೆ ಹುಡುಗರನ್ನು ಮಾರ್ಕೆಟ್ಟಿಗೆ ಅಟ್ಟಬೇಡಿರಿ.

ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ವಹಿ ಇಟ್ಟಿದೆ. ಓದಬೇಕೆನ್ನುವವರ ಹೆಸರು, ಕೆಲಸ ಮಾಡುವ ಹೋಟೆಲು, ಬಿಡುವಿನ ವೇಳೆ ಇಷ್ಟನ್ನು ಊಟಕ್ಕೆ ಏಳುವ ಮುನ್ನ ಅದರಲ್ಲಿ ಬರೆಸಿರಿ. ಇನ್ನು ಅಧ್ಯಕ್ಷರು ಸನ್ಮಾನಿತರಿಗೆ ಹಾರ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.