ಕೊನೆಯ ಸವಾರನ ವೇಗ



ರಜೆ ಬಂತೆಂದರೆ ದಾವಣಗೆರೆಯ ಕಾಲೇಜು ಗೆಳೆಯರು ಐದಾರು ಬೈಕುಗಳಲ್ಲಿ ಹರಿಹರಕ್ಕೋ, ಸಂತೇಬೆನ್ನೂರಿನ ಪುಷ್ಕರಣಿಗೋ, ಸೂಳೆಕೆರೆಗೋ ಹೋಗಿಬರುವುದುಂಟು. ಬೆಳಿಗ್ಗೆ ಬೆಣ್ಣೆದೋಸೆ ತಿಂದು ಹೊರಟರೆ ಸಂಜೆಯೊಳಗೆ ಮನೆ ಸೇರಬಹುದು. ಇಂಥ ಸವಾರಿಯ ಒಲವು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ 1961ರಿಂದ ಜಾವಾ, ಅನಂತರ ಯೆಜ್ಡಿ ಬೈಕುಗಳನ್ನು ತಯಾರಿಸಿದ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಅಭಿಮಾನಿಗಳು ಒಂದೆಡೆ ಸೇರಿ, ಹಳೆಯ ಗಾಡಿಗಳಲ್ಲಿ ಒಟ್ಟಾಗಿ ಸವಾರಿ ಮಾಡುತ್ತಾರೆ.

ಗುಂಪಾಗಿ ಹೋಗುವುದರಲ್ಲಿ ಸಂತೋಷವಿದೆ. ಜೊತೆಗೆ, ಒಬ್ಬರೇ ಹೋಗುವಾಗ ಇಲ್ಲದ ಒಂದು ಅಪಾಯವೂ ಇದೆ. ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹತ್ತು ಬೈಕುಗಳ ಒಂದು ಸಾಲು ಹೆದ್ದಾರಿಯಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಮುಂದೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಲಾರಿ. ಮೊದಲನೆಯ ಸವಾರ ಅದನ್ನು ದಾಟಿ 60ರ ವೇಗದಲ್ಲಿ ಮುಂದುವರಿಯುತ್ತಾನೆ. ಹತ್ತನೆಯವನಿಗೆ ದಾರಿ ಸಿಗುವುದು ಅರ್ಧ ನಿಮಿಷ ತಡವಾಗಿ. ಅಷ್ಟರಲ್ಲಿ ಇಬ್ಬರ ನಡುವಿನ ಅಂತರ ಸುಮಾರು 165 ಮೀಟರ್ ಹೆಚ್ಚಿರುತ್ತದೆ. ಅದನ್ನು ಮತ್ತೆ ಅರ್ಧ ನಿಮಿಷದಲ್ಲಿ ತುಂಬಬೇಕಾದರೆ ಕೊನೆಯವನು 80ರ ವೇಗದಲ್ಲಿ ಓಡಿಸಬೇಕು! ಮುಂದಿನವನು ಮಾತ್ರ, "ನಾವು 60 ದಾಟಲೇ ಇಲ್ಲ" ಎನ್ನುತ್ತಾನೆ. ಅವನ ಮಟ್ಟಿಗೆ ಅದು ನಿಜವೇ.

ಭೌತಶಾಸ್ತ್ರದಲ್ಲಿ ನೀವು ಓದಿರುವಂತೆ, ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಾಕಿದ ಮೇಲೆ ಗಾಡಿ ಓಡುವ ದೂರವೂ ಸುಮಾರು ನಾಲ್ಕು ಪಟ್ಟು. ಸಾಲಿನ ಕೊನೆಯಲ್ಲಿ ಇರುವವನು ಬಹಳ ಸಲ ಹೊಸದಾಗಿ ಕಲಿತವನು, ಅಥವಾ ಚಿಕ್ಕ ಗಾಡಿಯವನು. ಹಿಂದೆ ಬಿದ್ದೆನೆಂಬ ನಾಚಿಕೆ ಬೇರೆ. ದೂರದರ್ಶನದ ನಮ್ಮ ಕ್ಯಾಮೆರಾ ಕೂಡ ಮುಂದಿನ ಬೈಕನ್ನೇ ಹಿಡಿಯುತ್ತದೆ. ಕೊನೆಯವನು ಪಡುವ ಪಾಡು ಪರದೆಯ ಮೇಲೆ ಬರುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಹತ್ತು ಜನರಿದ್ದರೆ ಐದೈದರ ಎರಡು ಗುಂಪು ಮಾಡಿಕೊಳ್ಳಿ. ಹೊರಡುವ ಮುನ್ನವೇ ಎಲ್ಲರಿಗೂ ದಾರಿ ಮತ್ತು ನಿಲ್ಲುವ ಜಾಗ ತಿಳಿದಿರಲಿ. ಆಗ ಯಾರೂ ಬೆನ್ನಟ್ಟಬೇಕಿಲ್ಲ. ಅನುಭವಿಗಳಲ್ಲಿ ಒಬ್ಬರು ಮುಂದೆ, ಒಬ್ಬರು ಎಲ್ಲರ ಹಿಂದೆ ಇರಲಿ. ಹೊಸಬರು ಮುಂದಾಳುವಿನ ಹಿಂದೆಯೇ ಬರಲಿ. ತಿರುವು ಬಂದಾಗ, ಹಿಂದಿನವರು ನಿಮ್ಮನ್ನು ಕಾಣುವವರೆಗೆ ರಸ್ತೆಯ ಪಕ್ಕದಲ್ಲಿ ಕಾಯಿರಿ. ಲಾರಿ ದಾಟಿದ ಮೇಲೆ ಮುಂದಾಳು ವೇಗ ತಗ್ಗಿಸಿದರೆ ಉಳಿದವರು ಆತುರವಿಲ್ಲದೆ ಬಂದು ಸೇರುತ್ತಾರೆ.

ಇನ್ನು ಬೈಕುಗಳ ನಡುವಿನ ಅಂತರ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಆದ್ದರಿಂದ ಮುಂದಿನ ಬೈಕು ಒಂದು ಮೈಲಿಗಲ್ಲನ್ನು ದಾಟಿದ ಮೇಲೆ ಕಡಿಮೆಯೆಂದರೆ ಎರಡು ಸೆಕೆಂಡು ಬಿಟ್ಟು ನೀವು ಅದನ್ನು ದಾಟಬೇಕು. ಮಳೆಯಲ್ಲಿ ನಾಲ್ಕು ಸೆಕೆಂಡು. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಗಳ ರಸ್ತೆಯ ಮೇಲೆ ಭತ್ತ, ಮೆಕ್ಕೆಜೋಳ ಒಣಗಲು ಹರವಿರುತ್ತಾರೆ. ಕಾಳಿನ ಮೇಲೆ ಚಕ್ರ ಜಾರುತ್ತದೆ. ಮುಂದಿನ ಬೈಕಿಗೆ ಅಂಟಿಕೊಂಡು ಹೋಗುವವನಿಗೆ ಅದು ಕಾಣುವುದೇ ಇಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಗೇರಿರುವ ಬೈಕು ಓಡಿಸಲು 18 ವರ್ಷ ತುಂಬಿ ಲೈಸೆನ್ಸ್ ಪಡೆದಿರಬೇಕು. ಒಂದು ಬೈಕಿನಲ್ಲಿ ಇಬ್ಬರೇ ಕೂರಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. 2019ರ ತಿದ್ದುಪಡಿಯ ಪ್ರಕಾರ, ವಯಸ್ಸಾಗದವರು ಓಡಿಸಿ ತಪ್ಪು ಮಾಡಿದರೆ ಅವರ ಪೋಷಕರು ಅಥವಾ ಗಾಡಿಯ ಮಾಲೀಕರು ಶಿಕ್ಷೆಗೆ ಗುರಿಯಾಗುತ್ತಾರೆ. ಅದೇ ತಿದ್ದುಪಡಿ ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದೆ: ಅಪಘಾತವಾದಾಗ ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡಿದೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಅಂಜದೆ ನಿಂತು ಸಹಾಯ ಮಾಡಿ.

ಕಡೆಯದಾಗಿ ಒಂದು ಚಿಕ್ಕ ಲೆಕ್ಕ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. 60ರ ವೇಗದಲ್ಲಿ 14 ನಿಮಿಷ; 40ರ ವೇಗದಲ್ಲಿ 21 ನಿಮಿಷ. ಉಳಿಯುವುದು ಏಳೇ ನಿಮಿಷ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಯಕ ಸುಮಾರು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಎಂಟುನೂರು ವರ್ಷಗಳಿಂದ ತುಂಗಭದ್ರೆಯ ದಡದಲ್ಲಿ ನಿಂತಿದೆ. ಏಳು ನಿಮಿಷ ತಡವಾದರೆ ಎದ್ದು ಹೋಗುವುದಿಲ್ಲ. ಅಲ್ಲಿ ಅರ್ಧ ಶಿವ, ಅರ್ಧ ವಿಷ್ಣುವಾಗಿ ನಿಂತ ಮೂರ್ತಿಯನ್ನು ನೋಡಿ, ಆವರಣದ ಶಾಸನಗಳನ್ನು ಓದಲು ಪ್ರಯತ್ನಿಸಿ, ಹೊಳೆಯ ದಡದಲ್ಲಿ ಕೂತು ಬುತ್ತಿ ಹಂಚಿಕೊಳ್ಳಿ. ಆದರೆ ಬುತ್ತಿ ಬಿಚ್ಚುವ ಮೊದಲು ತಲೆ ಎಣಿಸಿ. ಕೊನೆಯ ಸವಾರನೂ ಬಂದು ಬೈಕು ನಿಲ್ಲಿಸಿದ ಮೇಲೆಯೇ ಊಟ ಶುರುವಾಗಲಿ.