ಜೈಲಿನ ಬಾಗಿಲಿಗೆ ಹೋಗುವ ಮುನ್ನ



ಮನೆಯ ಹುಡುಗನೊಬ್ಬ ಜೈಲು ಸೇರಿದನೆಂದರೆ ನಮ್ಮಲ್ಲಿ ಮೊದಲು ಮುಚ್ಚುವುದು ಆ ಮನೆಯ ಬಾಗಿಲು. ತಂದೆ ಮಸೀದಿಗೆ ಬರುವುದನ್ನು ಬಿಡುತ್ತಾರೆ. ನೆಂಟರು ಫೋನ್ ಎತ್ತುವುದಿಲ್ಲ. ಹೋಗಿ ಅವನನ್ನು ನೋಡಿ ಬನ್ನಿ ಎಂದರೆ ಯಾರಾದರೂ ಕಂಡಾರೆಂಬ ಅಂಜಿಕೆ. ಆದರೆ ಜೈಲಿನಲ್ಲಿರುವವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ, 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯ ಪೈಕಿ 4,34,302 ಮಂದಿ ವಿಚಾರಣಾಧೀನರು. ಆರೋಪ ಸಾಬೀತಾಗದವರಿಗೆ ನ್ಯಾಯಾಲಯಕ್ಕಿಂತ ಮೊದಲೇ ನಾವು ಶಿಕ್ಷೆ ವಿಧಿಸಿಬಿಡುತ್ತೇವೆ.

ಭೇಟಿಯೆಂಬುದು ಜೈಲು ಅಧಿಕಾರಿಗಳ ಔದಾರ್ಯವೇನಲ್ಲ. ಬಂಧಿತನು ತನ್ನ ಕುಟುಂಬದವರನ್ನೂ ವಕೀಲರನ್ನೂ ಕಾಣುವುದು ಸಂವಿಧಾನದ 21ನೇ ವಿಧಿ ನೀಡಿರುವ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಹೇಳಿದೆ.

ಹಕ್ಕಿದ್ದರೂ ಸಿದ್ಧತೆ ಬೇಕು. ಒಮ್ಮೆ ನೆರೆಮನೆಯ ತಾಯಿಯೊಬ್ಬರೊಂದಿಗೆ ನಾವು ಜೈಲಿಗೆ ಹೋಗಿದ್ದೆವು. ಆಕೆ ನಸುಕಿನಲ್ಲೆದ್ದು ಮಗನಿಗಾಗಿ ಪತ್ತಿರಿ ಮಾಡಿ ತಂದಿದ್ದರು, ಗುರುತಿನ ಚೀಟಿ ತಂದಿರಲಿಲ್ಲ. ಪತ್ತಿರಿಯೂ ಒಳಗೆ ಹೋಗಲಿಲ್ಲ, ತಾಯಿಯೂ ಹೋಗಲಿಲ್ಲ. ತಪ್ಪು ಆಕೆಯದಲ್ಲ. ನಾಲ್ಕಕ್ಷರ ಓದಿದ ನಾವು ಮೊದಲೇ ವಿಚಾರಿಸಬೇಕಿತ್ತು.

ಆದ್ದರಿಂದ ಭೇಟಿಯ ದಿನ, ಸಮಯ, ಒಳಗೆ ಬಿಡುವ ವಸ್ತುಗಳು ಯಾವುವೆಂಬುದನ್ನು ಮುಂಚಿತವಾಗಿ ಕೇಳಿ ತಿಳಿಯಿರಿ. ಗುರುತಿನ ಚೀಟಿಯ ಮೂಲಪ್ರತಿ ಮತ್ತು ನಕಲು, ಹುಡುಗನ ಹೆಸರು, ಅವನ ತಂದೆಯ ಹೆಸರು, ಪೊಲೀಸ್ ಠಾಣೆ, ಮೊಕದ್ದಮೆಯ ಸಂಖ್ಯೆ ಕೈಯಲ್ಲಿರಲಿ. ಮೊಬೈಲನ್ನು ಮನೆಯಲ್ಲೇ ಬಿಡಿ. ಮಾತಿಗೂ ಸಿದ್ಧತೆ ಬೇಕು. ಸಿಗುವ ಅಲ್ಪ ಸಮಯ ಅಳುವಿನಲ್ಲೂ ಬೈಗುಳದಲ್ಲೂ ಮುಗಿದುಹೋಗಬಾರದು. ಮೊಕದ್ದಮೆಯ ಒಳವಿವರ ವಕೀಲರಿಗೆ ಇರಲಿ, ಹತ್ತು ಕಿವಿಗಳಿರುವಲ್ಲಿ ಅದು ಬೇಡ. ಆರೋಗ್ಯ ಹೇಗಿದೆ, ಮುಂದಿನ ವಾಯಿದೆ ಎಂದು, ವಕೀಲರು ಬಂದಿದ್ದರೇ ಎಂದು ಕೇಳಿ. ವಕೀಲರಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಬಂಧನದಲ್ಲಿರುವವನಿಗೆ ಉಚಿತ ನೆರವು ಸಲ್ಲುತ್ತದೆ. ಜಾಮೀನು ಸಿಕ್ಕಿಯೂ ಭದ್ರತೆ ಒದಗಿಸಲಾಗದೆ ಒಳಗೇ ಉಳಿದವರಿದ್ದಾರೆ. ಜಾಮೀನು ದೊರೆತು 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರೇ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅದನ್ನೂ ವಿಚಾರಿಸಿ.

ಎರಡನೆಯ ಬಾರಿ ಆ ತಾಯಿಗೆ ಭೇಟಿ ದೊರೆಯಿತು. ಜಾಲರಿಯ ಈಚೆಯಿಂದ ಆಕೆ, "ಊಟ ಮಾಡಿದೆಯಾ ಮೋನೇ?" ಎಂದು ಕೇಳಿದರು. ಅವನು ಅದಕ್ಕೆ ಉತ್ತರಿಸದೆ, "ಉಪ್ಪ ಬರಲಿಲ್ಲವೇ ಉಮ್ಮಾ?" ಎಂದ.

ನಾವು ಮರಳಿ ಬಂದು ಅವನ ತಂದೆಯೊಂದಿಗೆ ಕುಳಿತು ಮಾತನಾಡಿದೆವು. ಅವರಿನ್ನೂ ಒಪ್ಪಿಲ್ಲ. ಮುಂದಿನ ವಾರ ಮತ್ತೆ ಹೋಗಿ ಕರೆಯಲಿದ್ದೇವೆ. ನಿಮ್ಮಲ್ಲಿ ಇಬ್ಬರು ನಮ್ಮೊಂದಿಗೆ ಬರುವಿರಾ?