ರಾತ್ರಿ ಎಂಟರ ಪಾಠ



2025ರ ಮೇ 30ರಂದು ನಮ್ಮ ಗೋವಾವನ್ನು ಸಂಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಿಸಿದರು. ಸಂತೋಷ. ಆದರೆ ಕೇಂದ್ರದ ‘ಉಲ್ಲಾಸ್’ ಯೋಜನೆಯ ಲೆಕ್ಕದಲ್ಲಿ ನೂರಕ್ಕೆ 95 ಮಂದಿ ಕಲಿತಿದ್ದರೆ ಅದು ‘ಸಂಪೂರ್ಣ’. ಉಳಿದವರನ್ನು ಹುಡುಕಲು ದೂರ ಹೋಗಬೇಡಿ, ಜುವಾರಿನಗರದ ನಮ್ಮ ಓಣಿಗೆ ಬನ್ನಿ. ಬಿಜಾಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಾಕ ಬಂದ ನಮ್ಮ ತಂದೆತಾಯಿಗಳ ಹೆಬ್ಬೆಟ್ಟಿನ ಮಸಿ ಇನ್ನೂ ಒಣಗಿಲ್ಲ.

ಮೊದಲ ರಾತ್ರಿ ನಾನು ಬೋರ್ಡಿನ ಮೇಲೆ ಅ, ಆ, ಇ, ಈ ಬರೆದೆ. ದಿನವಿಡೀ ಬುಟ್ಟಿ ಹೊತ್ತು ಬಂದವರಿಗೆ ಮೂರನೇ ಅಕ್ಷರಕ್ಕೇ ಆಕಳಿಕೆ. ಒಬ್ಬ ಅವ್ವ ಕೇಳಿಯೇ ಬಿಟ್ಟರು: “ತಮ್ಮಾ, ಇದನ್ನ ತಗೊಂಡು ನಾ ಏನ್ ಮಾಡ್ಲಿ? ನನ್ನ ಹಾಜರಿ ಬರಿಯಾಕ ಕಲಿಸು.”

ಮರುದಿನ ಅಂಕಿಯಿಂದ ಶುರು ಮಾಡಿದೆವು. ಕೆಲಸಕ್ಕೆ ಹೋದ ದಿನ ಕ್ಯಾಲೆಂಡರಿನಲ್ಲಿ ಗೆರೆ, ತಿಂಗಳ ಕೊನೆಗೆ ಎಣಿಕೆ. ಗುತ್ತೇದಾರನ ಪುಸ್ತಕದಲ್ಲಿ 19 ದಿನ, ಅವ್ವನ ಲೆಕ್ಕದಲ್ಲಿ 22. ಅವ್ವ ಕ್ಯಾಲೆಂಡರನ್ನೇ ಕಿತ್ತುಕೊಂಡು ಹೋಗಿ ತೋರಿಸಿದರು. ಮೂರು ದಿನದ ಪಗಾರ ಬಂತು. ಆಮೇಲೆ ಅವರೇ ಅಕ್ಷರ ಕೇಳಿದರು.

ಕರ್ನಾಟಕದ ನಲಿ-ಕಲಿಯಲ್ಲಿ ಮಕ್ಕಳಿಗೆ ರ, ಗ, ಸ, ದ, ಅ ಅಂತ ಕಲಿಸ್ತಾರೆ. ನಾವೂ ಅದನ್ನೇ ಹಿಡಿದೆವು. ಐದೇ ಅಕ್ಷರಕ್ಕೆ ಸರ, ದರ, ಅರಸ ಓದಬಹುದು. ‘ದರ’ ಓದಿದಾಗ ಎಲ್ಲರೂ ನಕ್ಕರು.

ಗೋವಾದಲ್ಲಿದ್ದು ಕನ್ನಡ ಯಾಕೆ ಅಂತ ಕೆಲವರು ಕೇಳ್ತಾರೆ. ಬಾಯಲ್ಲಿರುವ ಮಾತೇ ಮೊದಲು ಕಣ್ಣಿಗೆ ಸಿಗಬೇಕು. ಬಸ್ಸಿನ ಬೋರ್ಡು ಆಮೇಲೆ. ನಿಜ ಹೇಳಬೇಕಂದರೆ ತೊಂದರೆ ಇರೋದು ನಮ್ಮಲ್ಲೇ. ಇಲ್ಲೇ ಮರಾಠಿ, ಇಂಗ್ಲಿಷಿನಲ್ಲಿ ಓದಿದ ನಮಗೇ ಕನ್ನಡ ಒತ್ತಕ್ಷರ ತಡವರಿಸುತ್ತೆ. ಪಾಠಕ್ಕೆ ಮೊದಲು ನಾನೂ ಮನೇಲಿ ಗುಟ್ಟಾಗಿ ಕಾಗುಣಿತ ತಿದ್ದಿದ್ದೇನೆ. ಅದಕ್ಕೆ ನಾಚಬೇಡಿ.

ಫುಲೆ ದಂಪತಿಗಳು 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗೆ ರಾತ್ರಿ ಶಾಲೆ ತೆರೆದಿದ್ದರು. ಅವರ ಫೋಟೋಕ್ಕೆ ಪ್ರತಿ ವರ್ಷ ಹಾರ ಹಾಕುವ ನಮ್ಮಲ್ಲಿ ಕಲಿಸುವವರು ಮೂರೇ ಮಂದಿ, ಕಲಿಯುವವರು ಹದಿನಾಲ್ಕು. ಒಬ್ಬರ ಪಕ್ಕ ಒಬ್ಬರು ಕೂತರೇನೇ ಕೈ ಹಿಡಿದು ತಿದ್ದಿಸಲು ಆಗೋದು. ವಾರದಲ್ಲಿ ಎರಡು ರಾತ್ರಿ ಕೊಡಿ. ಎಂಟಕ್ಕೆ ಸಂಘದ ಕೋಣೆ ತೆರೆದಿರುತ್ತೆ. ಮಳೆಗಾಲದಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ, ಕರೆಂಟ್ ಹೋದರೆ ಅದೇ ನಮ್ಮ ದೀಪ.